ಬಿ.ಎಡ್. ಇಂಟರ್ನ್‌ಶಿಪ್‌ಗೆ ಹೋಗುವ ಮುನ್ನ ವಿಜ್ಞಾನ ಶಿಕ್ಷಕರು ಯಾವ ಹತ್ತು ವೆಬ್ ಟೂಲ್‌ಗಳನ್ನು ಕಲಿತಿರಬೇಕು?

ಭೌತವಿಜ್ಞಾನ ಮತ್ತು ಗಣಿತ ನಿಮ್ಮ ಬೋಧನಾ ವಿಷಯಗಳೆಂದೂ, ಶಾಲೆಗೆ ಹೋಗುವಷ್ಟರಲ್ಲಿ ಹತ್ತು ಟೂಲ್‌ಗಳಾದರೂ ಕೈವಶವಾಗಿರಬೇಕೆಂದೂ ಬರೆದಿದ್ದೀರಿ. ಅಂಥದೇ ಒಂದು ಪಟ್ಟಿಯನ್ನು ಹಿಡಿದುಕೊಂಡು ನಾನೂ ಕೆಲಸಕ್ಕೆ ಸೇರಿದ್ದೆ. ಅದರಲ್ಲಿದ್ದ ಫ್ಲ್ಯಾಶ್ ಅನಿಮೇಶನ್‌ಗಳು 2020ರ ಕೊನೆಗೆ ನಿಂತುಹೋದವು, ಆನ್‌ಲೈನ್ ತರಗತಿ ನಡೆಸುವ ಎಡ್ಮೋಡೊ 2022ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು, ಡಿಜಿಟಲ್ ಬಿಳಿಹಲಗೆಯಾದ ಜಾಮ್‌ಬೋರ್ಡನ್ನು 2024ರ ಕೊನೆಯಲ್ಲಿ ಗೂಗಲ್ ನಿಲ್ಲಿಸಿತು. ಆದರೆ ನನಗೆ ದುಬಾರಿಯಾದದ್ದು ಇವುಗಳಲ್ಲಿ ಯಾವುದೂ ಅಲ್ಲ; ಇಂದಿಗೂ ಬದುಕಿರುವ, ನಾನು ಇಂದಿಗೂ ಬಳಸುವ, ಬಹುಶಃ ನಿಮ್ಮ ಪಟ್ಟಿಯಲ್ಲಿಯೂ ಮೊದಲಿಗೇ ಇರುವ ಒಂದು ಒಳ್ಳೆಯ ಟೂಲ್.

ಅದು ಫೆಟ್, ಅಂದರೆ ಪ್ರಯೋಗಗಳನ್ನು ಪರದೆಯ ಮೇಲೆ ಅನುಕರಿಸಿ ತೋರಿಸುವ ಸಿಮ್ಯುಲೇಶನ್‌ಗಳ ಸಂಗ್ರಹ. ಭೌತವಿಜ್ಞಾನದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ ಅವರು 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಈ ಸಿಮ್ಯುಲೇಶನ್‌ಗಳು ಉಚಿತವಾಗಿ ಸಿಗುತ್ತವೆ. ಒಮ್ಮೆ ಡೌನ್‌ಲೋಡ್ ಮಾಡಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಬ್ರೌಸರಿನಲ್ಲಿ ನಡೆಯುತ್ತವೆ. ನಾನು ಹೊಸದಾಗಿ ಸೇರಿದ್ದ ಖಾಸಗಿ ಪ್ರೌಢಶಾಲೆಯಲ್ಲಿ ಹತ್ತನೆಯ ತರಗತಿಗೆ ‘ವಿದ್ಯುಚ್ಛಕ್ತಿ’ ಪಾಠವನ್ನು ಆರಂಭಿಸಿದಾಗ, ಪ್ರೊಜೆಕ್ಟರ್ ಇರುವ ಕೋಣೆಗೆ ಮಕ್ಕಳನ್ನು ಕರೆದೊಯ್ದು, ಅದರ ವಿದ್ಯುನ್ಮಂಡಲ ಜೋಡಿಸುವ ಸಿಮ್ಯುಲೇಶನ್ನನ್ನು ತೆರೆದೆ. ಕೋಶವನ್ನು ಎಳೆದು ತಂದೆ, ತಂತಿಗಳನ್ನು ಸೇರಿಸಿದೆ, ಸ್ವಿಚ್ ಒತ್ತಿದೆ. ಬಲ್ಬ್ ಬೆಳಗಿತು, ತಂತಿಯೊಳಗೆ ಎಲೆಕ್ಟ್ರಾನ್‌ಗಳನ್ನು ಸೂಚಿಸುವ ನೀಲಿ ಚೆಂಡುಗಳು ಸಾಲಾಗಿ ಓಡತೊಡಗಿದವು, ಮಕ್ಕಳು ಚಪ್ಪಾಳೆ ತಟ್ಟಿದರು. ಹಿಂದಿನ ಬೆಂಚಿನಲ್ಲಿ ಕುಳಿತು ನೋಡುತ್ತಿದ್ದ ಮುಖ್ಯೋಪಾಧ್ಯಾಯರು ಬೇರೆ ವಿಷಯಗಳ ಶಿಕ್ಷಕರಿಗೂ ಹೀಗೆಯೇ ಪಾಠ ಮಾಡುವಂತೆ ಸೂಚಿಸಿದರು.

ಆಮೇಲೆ ಕಿರುಪರೀಕ್ಷೆಯಲ್ಲಿ ಒಂದು ಸಣ್ಣ ಪ್ರಶ್ನೆ ಕೊಟ್ಟೆ: ಒಂದೇ ಬಗೆಯ ಎರಡು ಬಲ್ಬ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ ಯಾವುದು ಹೆಚ್ಚು ಪ್ರಕಾಶಮಾನವಾಗಿ ಉರಿಯುತ್ತದೆ, ಏಕೆ? ಎರಡೂ ಸಮನಾಗಿ ಉರಿಯುತ್ತವೆ ಎಂಬುದನ್ನು ಅವರು ಪರದೆಯ ಮೇಲೆ ಕಣ್ಣಾರೆ ಕಂಡಿದ್ದರು. ಆದರೂ ಹೆಚ್ಚಿನವರು ಮೊದಲ ಬಲ್ಬ್ ಎಂದೇ ಬರೆದರು. ಅದು ಸ್ವಲ್ಪ ಕರೆಂಟನ್ನು ಖರ್ಚು ಮಾಡಿಕೊಂಡ ಮೇಲೆ ಉಳಿದದ್ದು ಎರಡನೆಯದಕ್ಕೆ ಹೋಗುತ್ತದೆ ಎಂಬುದು ಅವರು ಕೊಟ್ಟ ಕಾರಣ. ನನ್ನನ್ನು ಹೆಚ್ಚು ಕಂಗೆಡಿಸಿದ್ದು ಇನ್ನೊಂದು ಗುಂಪಿನ ಉತ್ತರ. ಅವರು ಕೋಶದ ಋಣಾಗ್ರದ ಕಡೆಯ ಬಲ್ಬನ್ನು ಮೊದಲನೆಯದೆಂದು ಗುರುತು ಮಾಡಿ, ಅದಕ್ಕೇ ಹೆಚ್ಚು ಬೆಳಕನ್ನು ಕೊಟ್ಟಿದ್ದರು. ಏಕೆಂದರೆ ಚೆಂಡುಗಳು ಹೊರಡುವುದು ಆ ಕಡೆಯಿಂದ. ಟೂಲಿನಿಂದ ಅವರು ಏನನ್ನೂ ಕಲಿಯಲಿಲ್ಲ ಎನ್ನುವಂತಿಲ್ಲ. ನಾನು ಕಲಿಸಬೇಕೆಂದು ಅಂದುಕೊಂಡಿರದ ಸಂಗತಿಯನ್ನು ಚೆನ್ನಾಗಿಯೇ ಕಲಿತಿದ್ದರು.

ತಪ್ಪು ಎಲ್ಲಿತ್ತೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಸಿಮ್ಯುಲೇಶನ್ನನ್ನು ತೆರೆಯುವ ಮುನ್ನ, ಏನಾಗಬಹುದೆಂದು ನಾನು ಯಾರನ್ನೂ ಕೇಳಲಿಲ್ಲ. ಮೌಸ್ ಉದ್ದಕ್ಕೂ ನನ್ನ ಕೈಯಲ್ಲಿತ್ತು, ಮತ್ತು ಪ್ರತಿ ಹೆಜ್ಜೆಯಲ್ಲಿಯೂ ಫಲಿತಾಂಶ ಪರದೆಯ ಮೇಲೆ ಬರುವ ಮೊದಲೇ ನನ್ನ ಬಾಯಿಂದ ಬಂದಿತ್ತು: ‘ಈಗ ಎರಡನೆಯ ಬಲ್ಬ್ ಸೇರಿಸುತ್ತೇನೆ, ಎರಡೂ ಮಂಕಾಗುತ್ತವೆ, ನೋಡಿ.’ ಕರೆಂಟು ದಾರಿಯಲ್ಲಿ ಖರ್ಚಾಗಿಬಿಡುತ್ತದೆ ಎಂದು ನಂಬಿರುವ ಹುಡುಗನಿಗೆ ಎರಡು ಬಲ್ಬ್‌ಗಳು ಸಮನಾಗಿ ಉರಿಯುವುದು ಕಂಡರೂ ಅದು ತನ್ನ ನಂಬಿಕೆಗೆ ವಿರುದ್ಧವಾದುದೆಂದು ತೋರುವುದಿಲ್ಲ, ಏಕೆಂದರೆ ತಾನು ಏನನ್ನು ನಂಬಿದ್ದೇನೆಂಬುದನ್ನು ಹೇಳುವ ಸಂದರ್ಭವೇ ಅವನಿಗೆ ಒದಗಿಲ್ಲ; ಅವನು ಮೇಷ್ಟ್ರು ಹೇಳಿದ್ದು ಪರದೆಯ ಮೇಲೆ ಸರಿಯಾಗಿ ಬಂತೇ ಎಂದಷ್ಟೇ ನೋಡುತ್ತಾನೆ. ಇದಕ್ಕೆ ಇನ್ನೊಂದು ಸೇರಿತು. ಈ ಸಿಮ್ಯುಲೇಶನ್ ತೆರೆದ ಕೂಡಲೇ ತೋರಿಸುವುದು ಎಲೆಕ್ಟ್ರಾನ್‌ಗಳ ಚಲನೆಯನ್ನು, ಅಂದರೆ ಋಣಾಗ್ರದಿಂದ ಧನಾಗ್ರದ ಕಡೆಗೆ. ಪಠ್ಯಪುಸ್ತಕದ ಚಿತ್ರದಲ್ಲಿರುವ ಬಾಣ ವಿದ್ಯುತ್ ಪ್ರವಾಹದ ಸಾಂಪ್ರದಾಯಿಕ ದಿಕ್ಕಿನದು, ಅಂದರೆ ಧನಾಗ್ರದಿಂದ ಋಣಾಗ್ರಕ್ಕೆ. ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು, ‘ಸರ್, ಪುಸ್ತಕದಲ್ಲಿ ಉಲ್ಟಾ ಇದೆಯಲ್ಲ?’ ಎಂದು ಕೇಳಿದ್ದಳು. ಪೀರಿಯಡ್ ಮುಗಿಯುತ್ತದೆಂಬ ಆತುರದಲ್ಲಿ, ಆಮೇಲೆ ನೋಡೋಣ ಎಂದು ಅವಳನ್ನು ಕೂರಿಸಿದೆ. ಅದೇ ಸಿಮ್ಯುಲೇಶನ್ನಿನಲ್ಲಿ ಚೆಂಡುಗಳ ಬದಲಿಗೆ ಸಾಂಪ್ರದಾಯಿಕ ದಿಕ್ಕಿನ ಬಾಣಗಳನ್ನು ತೋರಿಸುವ ಆಯ್ಕೆ ಇದೆಯೆಂಬುದೂ ಆಗ ನನಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಒಂದು ಕ್ಲಿಕ್ಕಿನಲ್ಲಿ ಆ ಪ್ರಶ್ನೆಯೇ ಅಂದಿನ ಪಾಠವಾಗುತ್ತಿತ್ತು.

ಇದರ ಪರಿಣಾಮ ಅಲ್ಲಿಗೇ ನಿಲ್ಲಲಿಲ್ಲ. ಮುಂದಿನ ಪಾಠ ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳು. ಬಲಗೈ ಹೆಬ್ಬೆರಳಿನ ನಿಯಮವಾಗಲಿ, ಫ್ಲೆಮಿಂಗ್‌ನ ಎಡಗೈ ನಿಯಮವಾಗಲಿ, ಪ್ರವಾಹದ ಸಾಂಪ್ರದಾಯಿಕ ದಿಕ್ಕು ಗೊತ್ತಿದ್ದರೆ ಮಾತ್ರ ಸರಿಯಾಗಿ ನಡೆಯುತ್ತವೆ. ಚೆಂಡುಗಳನ್ನು ನೆನಪಿಟ್ಟುಕೊಂಡಿದ್ದ ಮಕ್ಕಳ ಹೆಬ್ಬೆರಳು ತಿರುಗಾಮುರುಗಾ ಆಗುತ್ತಿತ್ತು, ಕಾಂತಕ್ಷೇತ್ರದ ಉತ್ತರವೂ ಜೊತೆಗೆ ತಿರುಗಿಬೀಳುತ್ತಿತ್ತು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಎರಡೂ ಪಾಠಗಳ ಅಂಕಗಳು ಹೋದವು. ಪುನರಾವರ್ತನೆಗೆ ಇಟ್ಟಿದ್ದ ಸಮಯದ ಬಹುಪಾಲು, ನಾನೇ ಕಲಿಸಿದ್ದನ್ನು ಅಳಿಸುವುದಕ್ಕೆ ವ್ಯಯವಾಯಿತು. ಪ್ರೊಜೆಕ್ಟರ್ ಕೋಣೆಯನ್ನು ಆಡಳಿತ ಮಂಡಳಿ ಸಮಾಜ ವಿಜ್ಞಾನದವರಿಗೆ ಕೊಟ್ಟಿತು. ಅದಕ್ಕೆ ನಾನು ತಕರಾರು ಮಾಡುವ ಸ್ಥಿತಿಯಲ್ಲಿರಲಿಲ್ಲ.

ಈಗಲೂ ಅದೇ ಸಿಮ್ಯುಲೇಶನ್ನನ್ನು ಬಳಸುತ್ತೇನೆ, ಕ್ರಮ ಮಾತ್ರ ಬೇರೆ. ಮೊದಲು ಮಂಡಲವನ್ನು ಕಪ್ಪುಹಲಗೆಯ ಮೇಲೆ ಬರೆದು ಪ್ರಶ್ನೆ ಕೇಳುತ್ತೇನೆ. ಮೊದಲನೆಯದು ಹೆಚ್ಚು ಎನ್ನುವವರು ಒಂದು ಬೆರಳು, ಎರಡನೆಯದು ಎನ್ನುವವರು ಎರಡು, ಸಮ ಎನ್ನುವವರು ಮೂರು ಬೆರಳು ತೋರಿಸಬೇಕು. ಪಕ್ಕದವರನ್ನು ನೋಡಿ ಬದಲಾಯಿಸದಂತೆ ಎಲ್ಲರೂ ಕಣ್ಣು ಮುಚ್ಚಿರಬೇಕು. ಕಾರಣಗಳನ್ನು ಕೇಳುತ್ತೇನೆ, ಆದರೆ ಯಾವುದು ಸರಿ ಎಂದು ಹೇಳುವುದಿಲ್ಲ. ಅನಂತರ ತಪ್ಪು ಉತ್ತರವನ್ನು ಗಟ್ಟಿಯಾಗಿ ಸಮರ್ಥಿಸಿದ ಒಬ್ಬರನ್ನು ಕರೆದು ಮೌಸ್ ಕೊಡುತ್ತೇನೆ. ಕರೆಂಟನ್ನು ಅಳೆಯುವ ಅಮ್ಮೀಟರನ್ನು ಮೊದಲ ಬಲ್ಬಿನ ಹಿಂದೆ, ಎರಡರ ನಡುವೆ, ಎರಡನೆಯದರ ಆಚೆ ಇಟ್ಟು ಅವರೇ ಓದಬೇಕು. ಮೂರು ಕಡೆಯೂ ಒಂದೇ ಅಳತೆ ಬರುತ್ತದೆ. ಆಮೇಲೆ ನಿಜವಾದ ಟಾರ್ಚ್ ಬಲ್ಬ್‌ಗಳನ್ನು ಮೇಜಿನ ಮೇಲೆ ಇಡುತ್ತೇನೆ, ಮತ್ತು ನನಗೆ ಬಹಳ ಇಷ್ಟವಾದ ಗಲಾಟೆ ಆಗ ಶುರುವಾಗುತ್ತದೆ: ಒಂದೇ ಅಂಗಡಿಯಲ್ಲಿ ಕೊಂಡ ಎರಡು ಬಲ್ಬ್‌ಗಳೂ ಎಷ್ಟೋ ಬಾರಿ ಸಮನಾಗಿ ಉರಿಯುವುದಿಲ್ಲ. ‘ನೋಡಿ ಸರ್, ನಾವು ಹೇಳಿದ್ದೇ ಸರಿ’ ಎನ್ನುತ್ತಾರೆ. ಹಾಗಾದರೆ ಬಲ್ಬ್‌ಗಳ ಜಾಗವನ್ನು ಅದಲುಬದಲು ಮಾಡಿ ಎನ್ನುತ್ತೇನೆ. ಹೆಚ್ಚು ಉರಿಯುತ್ತಿದ್ದ ಬಲ್ಬ್ ಎರಡನೆಯ ಜಾಗಕ್ಕೆ ಹೋದರೂ ಹೆಚ್ಚೇ ಉರಿಯುತ್ತದೆ. ಅಂದರೆ ವ್ಯತ್ಯಾಸ ಬಲ್ಬಿನ ರೋಧದಲ್ಲಿದೆ, ಸರದಿಯಲ್ಲಿ ಇಲ್ಲ. ಪೂರ್ತಿ ಒಂದೇ ರೀತಿಯ ಬಲ್ಬ್‌ಗಳು ಸಿಮ್ಯುಲೇಶನ್ನಿನಲ್ಲಿ ಸುಲಭವಾಗಿ ಸಿಗುತ್ತವೆ, ಅಂಗಡಿಯಲ್ಲಿ ಸಿಗುವುದಿಲ್ಲ. ಸಡಿಲವಾದ ತಂತಿಯನ್ನು ಹುಡುಕಿ ಸರಿಪಡಿಸುವ ಕೆಲಸ ಮೇಜಿನ ಮೇಲೆ ಕೈಗೆ ಹತ್ತುತ್ತದೆ. ಎರಡೂ ಬೇಕು.

ಆದುದರಿಂದ ನಿಮಗೆ ಹತ್ತರ ಪಟ್ಟಿಯನ್ನು ನಾನು ಕೊಡುವುದಿಲ್ಲ. ನೀವು ಕೇಳಬೇಕಾದದ್ದು ಯಾವ ಟೂಲ್ ಎಂದಲ್ಲ, ಯಾವ ಪಾಠದ ಯಾವ ಜಾಗದಲ್ಲಿ ಮಕ್ಕಳು ಎಡವುತ್ತಾರೆ ಎಂದು. ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಲರ್ 2006ರಲ್ಲಿ ಮಂಡಿಸಿದ, ಶಿಕ್ಷಕರಿಗೆ ಬೇಕಾದ ಜ್ಞಾನವನ್ನು ವಿವರಿಸುವ ಟಿಪ್ಯಾಕ್ ಚೌಕಟ್ಟನ್ನು, ವಿಷಯ, ಬೋಧನೆ, ತಂತ್ರಜ್ಞಾನ ಎಂಬ ಮೂರು ವೃತ್ತಗಳೊಡನೆ, ನೀವೂ ಪರೀಕ್ಷೆಯಲ್ಲಿ ಬರೆದಿರುತ್ತೀರಿ. ನಾನೂ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಆದರೆ ನಮ್ಮ ಬಿ.ಎಡ್. ಪ್ರಾಯೋಗಿಕ ಕಡತಗಳಲ್ಲಿ ತಂತ್ರಜ್ಞಾನದ ವೃತ್ತವೊಂದೇ ದಪ್ಪವಾಗಿ, ಉಳಿದೆರಡು ಅದರ ನೆರಳಿನಲ್ಲಿ ಇರುತ್ತವೆ ಎಂಬುದು ನನ್ನ ಅಭಿಪ್ರಾಯ. ಕಣ್ಣಿಗೆ ಕಾಣದ್ದನ್ನು ತೋರಿಸುವ, ಅಥವಾ ಕೈಯಿಂದ ಮಾಡಿದರೆ ದಿನವೆಲ್ಲ ಹಿಡಿಯುವುದನ್ನು ಕ್ಷಣದಲ್ಲಿ ಬದಲಾಯಿಸಿ ತೋರಿಸುವ ಟೂಲಿಗೆ ಮಾತ್ರ ಪೀರಿಯಡ್ಡಿನಲ್ಲಿ ಜಾಗ ಕೊಡಿ. ಗಣಿತಕ್ಕೆ, ಆಕೃತಿಗಳನ್ನು ರಚಿಸಿ ಎಳೆದಾಡಬಹುದಾದ ಜಿಯೋಜೀಬ್ರಾ ಆ ಕಾರಣಕ್ಕೇ ಸಾಕು: ತ್ರಿಭುಜದ ಒಂದು ಶೃಂಗವನ್ನು ಎಳೆದಾಡಿದಂತೆ ಕೋನಗಳು ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಲ್ಲುತ್ತದೆ, ಮತ್ತು ಎಳೆಯುವವರು ಮಕ್ಕಳೇ ಆಗಿರಬಹುದು.

ರಸಪ್ರಶ್ನೆಯ ಟೂಲ್‌ಗಳ ಬಗ್ಗೆ ವಿಶೇಷವಾಗಿ ಕೇಳಿದ್ದೀರಿ. ಕಹೂಟ್‌ನಲ್ಲಿ ಉತ್ತರಿಸಲು ಪ್ರತಿ ಮಗುವಿಗೆ, ಕಡೇಪಕ್ಷ ಪ್ರತಿ ಗುಂಪಿಗೆ, ಒಂದು ಫೋನೋ ಕಂಪ್ಯೂಟರೋ ಬೇಕು. ನೀವು ಹೋಗುವ ಶಾಲೆಯಲ್ಲಿ ಅದು ಇರುವ ಸಂಭವ ಕಡಿಮೆ. ಪ್ಲಿಕರ್ಸ್‌ನಲ್ಲಿ ಮಕ್ಕಳು ಮುದ್ರಿತ ಕಾರ್ಡನ್ನು ತಮ್ಮ ಉತ್ತರಕ್ಕೆ ತಕ್ಕಂತೆ ತಿರುಗಿಸಿ ಹಿಡಿದರೆ ಶಿಕ್ಷಕರ ಒಂದು ಫೋನು ಎಲ್ಲವನ್ನೂ ಓದಿಕೊಳ್ಳುತ್ತದೆ. ಯಾರು ಯಾವಾಗ ಏನು ಹೇಳಿದರೆಂಬ ದಾಖಲೆ ಉಳಿಯುವುದು ಅದರ ಲಾಭ. ದಾಖಲೆ ಬೇಡವಾದರೆ ಬೆರಳುಗಳೇ ಸಾಕು, ಅವಕ್ಕೆ ಚಾರ್ಜ್ ಬೇಕಾಗಿಲ್ಲ. ಮಕ್ಕಳ ಹೆಸರು, ಫೋನ್ ನಂಬರ್, ಲಾಗಿನ್ ಕೇಳುವ ಟೂಲ್‌ಗಳನ್ನು ಇಂಟರ್ನ್‌ಶಿಪ್‌ನಲ್ಲಿ ಮುಟ್ಟಲೇಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರೆಲ್ಲರೂ ಮಕ್ಕಳು, ಅವರ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಬೇಕು. ಆ ಹೊಣೆಯನ್ನು ಹೊರುವ ಅಧಿಕಾರ ಪ್ರಶಿಕ್ಷಣಾರ್ಥಿಯದಲ್ಲ.

ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗಳ ಮೂಲಕ ಸಿಗುವ, ಸರ್ಕಾರದ ಕಲಿಕಾ ಜಾಲತಾಣವಾದ ದೀಕ್ಷಾದ ಸಾಮಗ್ರಿಯನ್ನು ಬಳಸುವುದಾದರೆ, ವಿಡಿಯೊವನ್ನು ಕೊನೆಯವರೆಗೂ ಮನೆಯಲ್ಲೇ ನೋಡಿ, ಎಲ್ಲಿ ನಿಲ್ಲಿಸಿ ಯಾವ ಪ್ರಶ್ನೆ ಕೇಳುತ್ತೀರೆಂದು ಪಾಠಯೋಜನೆಯಲ್ಲಿ ಬರೆದುಕೊಳ್ಳಿ. ಇನ್ನೊಂದು ಕೆಲಸವನ್ನು ಇವತ್ತೇ ಮಾಡಬಹುದು: ಎರಡು ಬಲ್ಬ್‌ಗಳ ಪ್ರಶ್ನೆಯನ್ನು ನಿಮ್ಮ ಬಿ.ಎಡ್. ಸಹಪಾಠಿಗಳಿಗೇ ಕೇಳಿ, ಕಣ್ಣು ಮುಚ್ಚಿಸಿ ಬೆರಳು ಎತ್ತಿಸಿ. ಎಲ್ಲರೂ ಮೂರು ಬೆರಳು ತೋರಿಸುತ್ತಾರೆಂದು ನಾನಂತೂ ಪಣ ಕಟ್ಟುವುದಿಲ್ಲ. ಇನ್ನು ಇಂಟರ್ನ್‌ಶಿಪ್ ಶಾಲೆಗೆ ಹೋದ ಮೊದಲ ವಾರವೇ ಪ್ರೊಜೆಕ್ಟರ್ ಕೋಣೆಯ ಬೀಗದ ಕೈ ಯಾರ ಬಳಿ ಇರುತ್ತದೆ, ಕರೆಂಟ್ ಯಾವ ಹೊತ್ತಿನಲ್ಲಿ ಹೋಗುತ್ತದೆ ಎಂಬುದನ್ನು ಕೇಳಿ ತಿಳಿದುಕೊಳ್ಳಿ, ಮತ್ತು ಅದೇ ಪಾಠವನ್ನು ಸೀಮೆಸುಣ್ಣದಲ್ಲಿಯೂ ನಡೆಸುವಂತೆ ಎರಡನೆಯ ಯೋಜನೆಯೊಂದನ್ನು ಕಡತದಲ್ಲಿ ಇಟ್ಟುಕೊಂಡಿರಿ.