ನಮ್ಮನೆ ಸೆಪ್ಟಿಕ್ ಟ್ಯಾಂಕೂ ಭೂಮಿಯನ್ನು ಬಿಸಿ ಮಾಡುತ್ತಾ?

ಪ್ರಶ್ನೆ: ನಮ್ಮದು ತುಮಕೂರು ಜಿಲ್ಲೆಯ ಸಣ್ಣ ಪಟ್ಟಣ. ಮನೆಯಲ್ಲಿ ನಾಲ್ಕು ಜನ. ನಮ್ಮ ಬೀದಿಗೆ ಇನ್ನೂ ಯುಜಿಡಿ (ಒಳಚರಂಡಿ) ಬಂದಿಲ್ಲ, ಸೆಪ್ಟಿಕ್ ಟ್ಯಾಂಕ್ ಇದೆ. ಮನೆ ಕಟ್ಟಿ ಹನ್ನೊಂದು ವರ್ಷವಾಯಿತು. ಟ್ಯಾಂಕ್ ಒಮ್ಮೆಯೂ ತುಂಬಿಲ್ಲ, ಹಾಗಾಗಿ ಖಾಲಿ ಮಾಡಿಸಿಲ್ಲ. ಅದರಿಂದ ಮೀಥೇನ್ ಬರುತ್ತೆ, ಭೂಮಿ ಬಿಸಿಯಾಗುತ್ತೆ ಎಂದು ಕಾಲೇಜಿಗೆ ಹೋಗುವ ಮಗಳು ಹೇಳುತ್ತಾಳೆ. ನಾಲ್ಕು ಜನರ ಪಾಯಿಖಾನೆ ನೀರಿನಿಂದ ಅಂಥದ್ದೇನಾಗುತ್ತೆ? ಗಾಳಿ ಪೈಪಿನ ಬಾಯಿ ಮುಚ್ಚಿಬಿಟ್ಟರೆ ಸಾಲದೇ?

ಉತ್ತರ: ಮೊದಲು ಪೈಪಿನ ವಿಷಯ. ದಯವಿಟ್ಟು ಮುಚ್ಚಬೇಡಿ. ಒಳಗೆ ಹುಟ್ಟುವ ಗ್ಯಾಸ್ ಎಲ್ಲಾದರೂ ಹೊರಗೆ ಹೋಗಲೇಬೇಕು. ಪೈಪ್ ಮುಚ್ಚಿದರೆ ಅದು ಟ್ಯಾಂಕಿನ ಚಪ್ಪಡಿ ಕೆಳಗೆ ಸೇರಿಕೊಳ್ಳುತ್ತದೆ, ಇಲ್ಲವೇ ಸಂದಿ ಹುಡುಕಿಕೊಂಡು ಬಚ್ಚಲುಮನೆಗೆ ಬರುತ್ತದೆ. ಕಿಡಿ ತಗುಲಿದರೆ ಹೊತ್ತಿಕೊಳ್ಳುವ ಗ್ಯಾಸ್ ಇದು. ಪೈಪನ್ನು ತಾರಸಿಗಿಂತ ಎತ್ತರಕ್ಕೆ ಒಯ್ದು, ತುದಿಗೆ ಸೊಳ್ಳೆ ಜಾಲರಿ ಕಟ್ಟಿ. ಅಷ್ಟು ಸಾಕು.

ಇನ್ನು ಮಗಳ ಮಾತು. ಅವಳು ಹೇಳಿದ್ದು ಸರಿಯಾಗಿಯೇ ಇದೆ. ಸೆಪ್ಟಿಕ್ ಟ್ಯಾಂಕ್ ಅಂದರೆ ಮೇಲೆ ಒಲೆ ಇಲ್ಲದ ಗೋಬರ್ ಗ್ಯಾಸ್ ಗುಂಡಿ, ಅಷ್ಟೇ. ಒಳಗೆ ಗಾಳಿ ಆಡುವುದಿಲ್ಲ. ಗಾಳಿ ಇಲ್ಲದ ಕಡೆ ಬದುಕುವ ಸೂಕ್ಷ್ಮಜೀವಿಗಳು ಮಲವನ್ನು ಕೊಳೆಸಿ ಮೀಥೇನ್ ಬಿಡುತ್ತವೆ. ಮೂಗಿಗೆ ಬಡಿಯುವ ಕೊಳೆತ ಮೊಟ್ಟೆಯ ನಾತ ಹೈಡ್ರೋಜನ್ ಸಲ್ಫೈಡಿನದು. ಮೀಥೇನಿಗೆ ವಾಸನೆಯೇ ಇಲ್ಲ. ಹಾಗಾಗಿ ನಾತ ಬರುತ್ತಿಲ್ಲ ಅಂದ ಮಾತ್ರಕ್ಕೆ ಗ್ಯಾಸ್ ಇಲ್ಲ ಅಂತಲ್ಲ.

ಎಷ್ಟು ಬರುತ್ತೆ? ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ ಕೊಟ್ಟಿರುವ ಲೆಕ್ಕದ ವಿಧಾನವನ್ನೇ ಹಿಡಿಯೋಣ. ಭಾರತದಲ್ಲಿ ಒಬ್ಬರಿಂದ ದಿನಕ್ಕೆ ಸುಮಾರು 34 ಗ್ರಾಂ ಬಿಒಡಿ, ಅಂದರೆ ಕೊಳೆಯಬಲ್ಲ ಕೊಳೆ, ನೀರಿಗೆ ಸೇರುತ್ತದೆ. ಅಂಥ ಒಂದು ಕಿಲೋ ಪೂರ್ತಿ ಗಾಳಿಯಿಲ್ಲದೆ ಕೊಳೆತರೆ 600 ಗ್ರಾಂ ಮೀಥೇನ್ ಬರುತ್ತದೆ. ಸೆಪ್ಟಿಕ್ ಟ್ಯಾಂಕಿನಲ್ಲಿ ಅದರ ಅರ್ಧ ಬರುತ್ತದೆ ಎಂದು ಹಿಡಿಯುತ್ತಾರೆ. ನಿಮ್ಮ ನಾಲ್ಕು ಜನರ ಮನೆಗೆ ವರ್ಷಕ್ಕೆ 15 ಕಿಲೋ ಆಯಿತು. ಕೇಳಲು ಕಡಿಮೆ ಅನಿಸುತ್ತದೆ, ಅಲ್ವಾ? ಆದರೆ ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೋ ಮೀಥೇನ್ ಸುಮಾರು 28 ಕಿಲೋ ಕಾರ್ಬನ್ ಡೈಆಕ್ಸೈಡಿನಷ್ಟು ಬಿಸಿ ಮಾಡುತ್ತದೆ. ಇಪ್ಪತ್ತು ವರ್ಷದ ಲೆಕ್ಕಕ್ಕೆ ಬಂದರೆ 80ರ ಹತ್ತಿರ. ನೂರು ವರ್ಷದ ಲೆಕ್ಕವನ್ನೇ ಹಿಡಿದರೂ ನಿಮ್ಮ ಟ್ಯಾಂಕಿನದು ವರ್ಷಕ್ಕೆ 400 ಕಿಲೋ ದಾಟುತ್ತದೆ. ಲೀಟರಿಗೆ 45 ಕಿ.ಮೀ. ಕೊಡುವ ಸ್ಕೂಟರನ್ನು 8,000 ಕಿ.ಮೀ. ಓಡಿಸಿದಂತೆ.

ಉಣ್ಣುವ ಅನ್ನವೆಲ್ಲ ಕೊನೆಗೆ ಕಾರ್ಬನ್ ಆಗಿ ಗಾಳಿಗೆ ಹೋಗುವುದೇ ಅಲ್ಲವೇ ಎಂದು ನೀವು ಕೇಳಬಹುದು. ನಿಜ. ರಾಗಿ, ಅಕ್ಕಿ ಬೆಳೆಯುವಾಗ ಗಾಳಿಯಿಂದ ತೆಗೆದುಕೊಂಡದ್ದೇ ವಾಪಸ್ ಹೋಗುವುದರಿಂದ ಆ ಕಾರ್ಬನ್ ಡೈಆಕ್ಸೈಡನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ತಂಟೆ ಇರುವುದು ಅದು ಮೀಥೇನ್ ರೂಪದಲ್ಲಿ ವಾಪಸ್ ಹೋದಾಗ.

"ಟ್ಯಾಂಕ್ ತುಂಬಿಲ್ಲ" ಅಂದಿರಲ್ಲ, ನನ್ನ ತಕರಾರು ಇರುವುದು ಅಲ್ಲೇ. ಸೆಪ್ಟಿಕ್ ಟ್ಯಾಂಕ್ ಮೊದಲ ಕೆಲವು ವಾರಗಳಲ್ಲೇ ತುಂಬಿಬಿಡುತ್ತದೆ. ಆಮೇಲೆ ಒಳಗೆ ಬಂದಷ್ಟೇ ನೀರು ಆ ಕಡೆಯಿಂದ ಇಂಗುಗುಂಡಿಗೆ ಹೋಗುತ್ತಿರುತ್ತದೆ. ನೋಡಬೇಕಾದ್ದು ತಳದ ಕೆಸರನ್ನು. ಹನ್ನೊಂದು ವರ್ಷದ ಕೆಸರು ಕೂತಿದ್ದರೆ ನೀರಿಗೆ ಜಾಗವೇ ಕಡಿಮೆ. ಗಟ್ಟಿ ಪದಾರ್ಥ ತಳ ಸೇರುವ ಮೊದಲೇ ಇಂಗುಗುಂಡಿಗೆ ಜಾರುತ್ತದೆ. ಅಲ್ಲಿಂದ ಪಕ್ಕದ ಬೋರ್‌ವೆಲ್ ದೂರವಿಲ್ಲ. ಇತ್ತ ಹಳೇ ಕೆಸರು ಕೊಳೆಯುತ್ತಲೇ ಇರುತ್ತದೆ, ಮೀಥೇನೂ ಬರುತ್ತಲೇ ಇರುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಕೆಸರು ತೆಗೆಸಬೇಕು ಎಂದು ಸರ್ಕಾರಿ ಕೈಪಿಡಿಗಳು ಹೇಳುವುದು ಸುಮ್ನೆ ಅಲ್ಲ. ಕೆಸರು ಬೇಗ ಹೊರಗೆ ಬಂದಷ್ಟೂ ಒಳಗೆ ಹುಟ್ಟುವ ಗ್ಯಾಸ್ ಕಡಿಮೆ. "ಈ ಪುಡಿ ಹಾಕಿ, ಜನ್ಮದಲ್ಲಿ ಟ್ಯಾಂಕ್ ಖಾಲಿ ಮಾಡಿಸಬೇಕಿಲ್ಲ" ಎಂದು ಬ್ಯಾಕ್ಟೀರಿಯಾ ಪೊಟ್ಟಣ ಮಾರುತ್ತಾರೆ. ದುಡ್ಡು ದಂಡ. ಬೇಕಾದ ಬ್ಯಾಕ್ಟೀರಿಯಾ ನಾವೇ ದಿನಾ ಕಳಿಸುತ್ತಿರುತ್ತೇವೆ.

ಖಾಲಿ ಮಾಡಿಸುವಾಗ ಸಕ್ಕಿಂಗ್ ಮಷಿನ್ ಲಾರಿಯನ್ನೇ ಕರೆಸಿ. ತಳದ ಗಟ್ಟಿ ಕೆಸರು ಬರುತ್ತಿಲ್ಲ ಎಂದು ಯಾರನ್ನಾದರೂ ಒಳಗೆ ಇಳಿಸುವ ಮಾತೇ ಬೇಡ. ಒಂದೆರಡು ಉಸಿರಿಗೇ ಆಳು ಬಿದ್ದುಹೋಗುವಷ್ಟು ಹೈಡ್ರೋಜನ್ ಸಲ್ಫೈಡ್ ಅಲ್ಲಿರಬಹುದು. ಎತ್ತಲು ಇಳಿದವರೂ ಉಳಿಯುವುದಿಲ್ಲ. ಹೀಗೆ ಆಳು ಇಳಿಸುವವರಿಗೆ 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಪ್ರಕಾರ ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲಾಗಬಹುದು. ಮುಚ್ಚಳ ತೆಗೆದಾಗ ಬೀಡಿ, ಬೆಂಕಿಕಡ್ಡಿಯೂ ಹತ್ತಿರ ಬರಕೂಡದು.

ಲಾರಿಯವರನ್ನು ಇನ್ನೊಂದು ಮಾತು ಕೇಳಿ: ಎಲ್ಲಿ ಸುರಿಯುತ್ತೀರಿ? ಎಷ್ಟೋ ಕಡೆ ಊರಾಚೆಯ ಹಳ್ಳ, ರಾಜಕಾಲುವೆಗೆ ಸುರಿದು ಬರುತ್ತಾರೆ. ಆಗ ನಿಮ್ಮ ಮೀಥೇನ್ ನಿಲ್ಲಲಿಲ್ಲ, ವಿಳಾಸ ಬದಲಾಯಿತು. ಈ ಕೆಸರಿಗೆಂದೇ 2015ರಲ್ಲಿ ದೇವನಹಳ್ಳಿಯಲ್ಲಿ ಒಂದು ಶುದ್ಧೀಕರಣ ಘಟಕ ಶುರುವಾಯಿತು. ಇಡೀ ಪಟ್ಟಣಕ್ಕೆ ಲೆಕ್ಕ ಹಾಕಿ ಕಟ್ಟಿದ ಇಂಥ ಘಟಕಗಳಲ್ಲಿ ದೇಶಕ್ಕೇ ಮೊದಲಿನದು. ಕೆಸರನ್ನು ಒಣಗಿಸಿ, ಹಸಿ ಕಸದ ಜೊತೆ ಗೊಬ್ಬರ ಮಾಡುತ್ತಾರೆ. ನಿಮ್ಮ ತಾಲ್ಲೂಕಿಗೆ ಹತ್ತಿರ ಅಂಥದ್ದಿದೆಯೇ ಎಂದು ಪುರಸಭೆಯಲ್ಲಿ ವಿಚಾರಿಸಿ.

ಯುಜಿಡಿ ಬಂದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದರೆ, ಪೈಪಿನ ಇನ್ನೊಂದು ತುದಿ ಎಲ್ಲಿದೆ ಎಂದು ನೋಡಬೇಕು. ಅದು ಶುದ್ಧೀಕರಣ ಘಟಕಕ್ಕೆ ಹೋಗದೆ ಕೆರೆಗೆ ಹೋದರೆ, ಕೆರೆಯೇ ದೊಡ್ಡ ಸೆಪ್ಟಿಕ್ ಟ್ಯಾಂಕ್. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ, 2015 ಮತ್ತು 2018ರ ಬೆಂಕಿ ನೆನಪಿರಬಹುದು. ಬೆಂಕಿಗೆ ಒಣ ಕಳೆ, ಕಸವೂ ಕಾರಣ. ಆದರೆ ಆ ಕೆರೆ ಅಂಥ ಗತಿಗೆ ಬಂದದ್ದು ದಶಕಗಳ ಕಾಲ ಒಳಗೆ ಹರಿದ ಕೊಳಚೆಯಿಂದ.

ಬಚ್ಚಲು, ಪಾತ್ರೆ ತೊಳೆಯುವ ನೀರು ಟ್ಯಾಂಕಿಗೆ ಹೋಗುತ್ತಿದ್ದರೆ ಬೇರೆ ಮಾಡಿಸಿ. ಹಿತ್ತಿಲಿನ ಬಾಳೆ, ತೆಂಗಿಗೆ ಬಿಡಬಹುದು. ಎಣ್ಣೆ ಜಿಡ್ಡನ್ನು ಮೊದಲೇ ಒರೆಸಿ ಕಸಕ್ಕೆ ಹಾಕಿ. ನೀರು ನಿಲ್ಲದೆ ಮಣ್ಣಿಗೆ ಇಂಗಿದರೆ ಅಲ್ಲಿ ಮೀಥೇನಿನ ಗೊಡವೆ ಇಲ್ಲ, ಟ್ಯಾಂಕಿಗೂ ಹೊರೆ ಇಳಿಯುತ್ತದೆ.

ಪ್ರಶ್ನೆ: ಸೆಪ್ಟಿಕ್ ಟ್ಯಾಂಕಿನ ಗ್ಯಾಸನ್ನು ಹಿಡಿದು ಒಲೆ ಉರಿಸಬಹುದೇ? (ಸಾಗರದ ಓದುಗರು)

ಉತ್ತರ: ನಾಲ್ಕು ಜನರಿಂದ ಬರುವ 15 ಕಿಲೋ ಮೀಥೇನಿನ ಶಾಖ ವರ್ಷಕ್ಕೆ ಸಿಲಿಂಡರ್ ಒಂದಕ್ಕಿಂತ ತುಸು ಜಾಸ್ತಿ. ಅಷ್ಟಕ್ಕೋಸ್ಕರ ಟ್ಯಾಂಕಿಗೆ ಗ್ಯಾಸ್ ಬಿಗಿ ಮಾಡಿಸುವ ಖರ್ಚು ಗಿಟ್ಟುವುದಿಲ್ಲ. ಒಂದು ಹಸುವಿನ ಸಗಣಿಯೇ ಇದರ ಮೂರು ಪಟ್ಟು ಗ್ಯಾಸ್ ಕೊಡುತ್ತದೆ. ಕೊಟ್ಟಿಗೆ, ಗೋಬರ್ ಗ್ಯಾಸ್ ಇದ್ದವರು ಪಾಯಿಖಾನೆ ಪೈಪನ್ನು ಅದಕ್ಕೇ ಜೋಡಿಸಬಹುದು. ಆದರೆ ನೀರು ಹಿಡಿತದಲ್ಲಿರಲಿ, ಆಸಿಡ್ ಹಾಕಿ ತೊಳೆಯಬೇಡಿ. ಹೊರಬರುವ ಬಗ್ಗಡವನ್ನು ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗೆ ಹಾಕಬೇಡಿ.

ಪ್ರಶ್ನೆ: ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಎಸ್‌ಟಿಪಿಯ (ಕೊಳಚೆ ನೀರು ಶುದ್ಧೀಕರಣ ಘಟಕದ) ಬ್ಲೋವರನ್ನು, ಅಂದರೆ ಗಾಳಿ ಊದುವ ಯಂತ್ರವನ್ನು, ರಾತ್ರಿಯಿಡೀ ಆಫ್ ಮಾಡುತ್ತಾರೆ. ಕರೆಂಟ್ ಉಳಿದರೆ ಪರಿಸರಕ್ಕೂ ಒಳ್ಳೆಯದು ಎನ್ನುತ್ತಾರೆ. ಹೌದೇ?

ಉತ್ತರ: ಇಲ್ಲ. ಬ್ಲೋವರ್ ಕೊಡುವ ಗಾಳಿಯಿಂದಲೇ ಅಲ್ಲಿ ಮೀಥೇನ್ ಹುಟ್ಟದೆ ಇರುವುದು. ರಾತ್ರಿಯಿಡೀ ನಿಲ್ಲಿಸಿದರೆ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ಬೆಳಗ್ಗೆ ನಾತ ಏಳುತ್ತದೆ. ಇನ್ನೂ ಒಂದು ತೊಂದರೆ ಇದೆ. ಮೂತ್ರದಲ್ಲಿರುವ ಸಾರಜನಕಕ್ಕೆ ಆಮ್ಲಜನಕ ಅರೆಬರೆ ಸಿಕ್ಕಾಗ ನೈಟ್ರಸ್ ಆಕ್ಸೈಡ್ ಜಾಸ್ತಿ ಬರುತ್ತದೆ. ಅದು ಕಾರ್ಬನ್ ಡೈಆಕ್ಸೈಡಿಗಿಂತ 273 ಪಟ್ಟು ಬಿಸಿ ಮಾಡುವ ಅನಿಲ. ಕರೆಂಟ್ ಉಳಿಸಲು ಬೇರೆ ದಾರಿಗಳಿವೆ. ನೀರಿಗೆ ಗಾಳಿಗುಳ್ಳೆ ಬಿಡುವ, ಈಗ ಕಟ್ಟಿಕೊಂಡಿರುವ ಡಿಫ್ಯೂಸರ್‌ಗಳನ್ನು ತೊಳೆಸಿ ಅಥವಾ ಬದಲಾಯಿಸಿ. ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಆಸುಪಾಸು ಇದ್ದರೆ ಸಾಕು, ಅದನ್ನು ನೋಡಿಕೊಂಡು ಬ್ಲೋವರ್ ವೇಗ ಇಳಿಸುವ ಡ್ರೈವ್ ಹಾಕಿಸಿ. ಮುಂದಿನ ಅಸೋಸಿಯೇಶನ್ ಸಭೆಯಲ್ಲಿ ಆಪರೇಟರ್ ಹತ್ತಿರ ಆಮ್ಲಜನಕ ಅಳೆಯುವ ಮೀಟರ್ ಇದೆಯೇ ಎಂದು ಮೊದಲು ಕೇಳಿ.