ಓದುಗರ ಪ್ರಶ್ನೆಗಳು: ನೆಲ ನಡುಗಿದಾಗ ಅಳೆಯುವವರು ಯಾರು?

ಪ್ರಶ್ನೆ: ನಮ್ಮ ಭಾಗದಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ನೆಲದೊಳಗಿನಿಂದ ಗುಡುಗಿನಂಥ ಸದ್ದು ಕೇಳಿಸುತ್ತದೆ, ಮನೆಯಲ್ಲಿ ಪಾತ್ರೆಗಳು ಅಲುಗಾಡುತ್ತವೆ. ವಿಜ್ಞಾನಿಗಳು ಬಂದು ಮಾಪಕ ಇರಿಸಿ ಹೋಗುತ್ತಾರೆ. ಅದರಿಂದ ಊರಿನವರಿಗೆ ಏನು ಪ್ರಯೋಜನ?
– ಓದುಗರೊಬ್ಬರು, ಚಿಂಚೋಳಿ ತಾಲ್ಲೂಕು

ಉತ್ತರ: 2021ರ ಅಕ್ಟೋಬರ್‌ನಲ್ಲಿ ನಿಮ್ಮ ತಾಲ್ಲೂಕಿನ ಗಡಿಕೇಶ್ವರ ಗ್ರಾಮದಲ್ಲಿ ಮೇಲಿಂದ ಮೇಲೆ ಕಂಪನಗಳಾದಾಗ ಜನರು ಮನೆ ಬಿಟ್ಟು ಬಯಲಿನಲ್ಲಿ ಮಲಗಿದರು; ಹಲವರು ಊರನ್ನೇ ತೊರೆದರು. ಆಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಮತ್ತು ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ತಜ್ಞರು ಸ್ಥಳಕ್ಕೆ ಬಂದು ತಾತ್ಕಾಲಿಕ ಮಾಪಕಗಳನ್ನು ಅಳವಡಿಸಿದರು.

ಊರಿನಲ್ಲಿಯೇ ಮಾಪಕ ಇರಬೇಕಾದುದಕ್ಕೆ ಸ್ಪಷ್ಟ ಕಾರಣವಿದೆ. ಭೂಕಂಪದಿಂದ ಮೊದಲು ಹೊರಡುವ ಪ್ರಾಥಮಿಕ ಅಲೆ ಗಟ್ಟಿ ಶಿಲೆಯಲ್ಲಿ ಸೆಕೆಂಡಿಗೆ ಸುಮಾರು 6 ಕಿ.ಮೀ. ವೇಗದಲ್ಲಿ ಸಾಗುತ್ತದೆ, ಹೆಚ್ಚು ಅಲುಗಾಡಿಸುವ ದ್ವಿತೀಯಕ ಅಲೆಯ ವೇಗ ಸುಮಾರು 3.5 ಕಿ.ಮೀ. ಮಾತ್ರ. ಎರಡೂ ಬಂದು ತಲುಪುವ ಸಮಯದ ನಡುವಿನ ಪ್ರತಿ ಸೆಕೆಂಡಿನ ಅಂತರಕ್ಕೆ ಸರಿಸುಮಾರು 8 ಕಿ.ಮೀ. ದೂರ ಎಂಬುದು ವಿಜ್ಞಾನಿಗಳ ಒರಟು ಲೆಕ್ಕ. ಕನಿಷ್ಠ ಮೂರು ಕೇಂದ್ರಗಳಲ್ಲಿ ಹೀಗೆ ದೂರ ತಿಳಿದರೆ ಕಂಪನ ಎಲ್ಲಿ ಹುಟ್ಟಿತು ಎಂಬುದನ್ನು ಗುರುತಿಸಬಹುದು. ಆದರೆ ಕೇಂದ್ರಗಳೆಲ್ಲ ನೂರಾರು ಕಿ.ಮೀ. ದೂರದಲ್ಲಿದ್ದರೆ ನೀವು ಕಿವಿಯಾರೆ ಕೇಳಿದ ಸಣ್ಣ ಕಂಪನಗಳು ಅಲ್ಲಿ ದಾಖಲಾಗುವುದೇ ಇಲ್ಲ. ದಾಖಲಾದರೂ ಅವು ಎಷ್ಟು ಆಳದಲ್ಲಿ ಹುಟ್ಟಿದವು ಎಂಬುದು ಖಚಿತವಾಗುವುದಿಲ್ಲ. ನಿಮಗೆ ಕೇಳಿಸುವ ಸದ್ದೂ ಈ ಅಲೆಗಳದ್ದೇ. ಕಂಪನ ಹೆಚ್ಚು ಆಳದಲ್ಲಿಲ್ಲದಿದ್ದಾಗ ಅಲೆಯ ಒಂದು ಪಾಲು ನೆಲದಿಂದ ಗಾಳಿಗೆ ದಾಟಿ ಶಬ್ದವಾಗುತ್ತದೆ. ಮಳೆಯ ನೀರು ಬಂಡೆಯ ಬಿರುಕುಗಳಿಗೆ ಇಳಿದು, ಅಲ್ಲಿನ ಒತ್ತಡ ಹೆಚ್ಚಿ, ಮೊದಲೇ ಬಿಗಿದುಕೊಂಡಿರುವ ಶಿಲೆ ಸ್ವಲ್ಪ ಜಾರುವುದರಿಂದ ಇಂಥ ಕಂಪನಗಳಾಗುತ್ತವೆ ಎಂಬ ವಿವರಣೆಯನ್ನು ತಜ್ಞರು ಕೊಡುತ್ತಾರೆ. ಮಳೆಗಾಲದ ಕೊನೆಯಲ್ಲಿ ಅವು ಹೆಚ್ಚುವುದಕ್ಕೆ ಇದು ಹೊಂದುತ್ತದೆ.

ಇಂಥ ಸಣ್ಣ ಕಂಪನಗಳ ಸರಣಿಗಳಲ್ಲಿ ಹೆಚ್ಚಿನವು ತಾವಾಗಿಯೇ ಅಡಗುತ್ತವೆ. ಆದರೂ ಅವುಗಳನ್ನು ಕಡೆಗಣಿಸಬಾರದು ಎನ್ನಲು ಕಿಲ್ಲಾರಿಯ ಅನುಭವ ಸಾಕು. ಲಾತೂರ್ ಜಿಲ್ಲೆಯ ಆ ಊರಿನವರಿಗೆ 1992ರಲ್ಲಿಯೇ ಕಂಪನಗಳು ಅರಿವಿಗೆ ಬಂದಿದ್ದವು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ 6.2 ಪ್ರಮಾಣದ ಭೂಕಂಪವಾಗಿ ಸುಮಾರು 10,000 ಜನ ಪ್ರಾಣ ಕಳೆದುಕೊಂಡರು. ಅಂದಿನ ಭೂಕಂಪ ನಕ್ಷೆಯಲ್ಲಿ ಕಿಲ್ಲಾರಿ ಇದ್ದುದು ಅತ್ಯಂತ ಕಡಿಮೆ ಅಪಾಯದ ಒಂದನೇ ವಲಯದಲ್ಲಿ. ಒಂದು ವರ್ಷ ಮೊದಲೇ ಹತ್ತಿರದಲ್ಲಿ ಮಾಪಕಗಳ ಜಾಲವಿದ್ದಿದ್ದರೂ ದುರಂತದ ದಿನವನ್ನು ಹೇಳಲಾಗುತ್ತಿರಲಿಲ್ಲ, ನಿಜ. ಆದರೆ ನೆಲದೊಳಗೆ ಸಕ್ರಿಯ ಬಿರುಕೊಂದು ಇದೆ ಎಂಬ ದಾಖಲೆಯಾದರೂ ಸಿಗುತ್ತಿತ್ತು. ಮಣ್ಣಿನಲ್ಲಿ ಕಲ್ಲು ಜೋಡಿಸಿ ಕಟ್ಟಿದ, ಭಾರವಾದ ಮಾಳಿಗೆ ಹೊತ್ತ ಮನೆಗಳ ಬಗ್ಗೆ ಮೊದಲೇ ಯೋಚಿಸಬಹುದಾಗಿತ್ತು. ಕಲಬುರಗಿ, ಬೀದರ್ ಜಿಲ್ಲೆಗಳ ಹಳ್ಳಿಗಳಲ್ಲಿ ಇಂಥ ಮನೆಗಳು ಇಂದಿಗೂ ಇವೆ. ಆದ್ದರಿಂದ, ಪತ್ರಿಕೆಗಳಲ್ಲಿ ಸುದ್ದಿ ತಣ್ಣಗಾದೊಡನೆ ಮಾಪಕಗಳನ್ನು ಕಿತ್ತುಕೊಂಡು ಹೋಗಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಕೆಲವು ವಾರಗಳ ದಾಖಲೆ ಒಂದು ಸರಣಿಯನ್ನು ವಿವರಿಸೀತು. ಅದು ವರ್ಷ ವರ್ಷ ಮರಳುವ ಬಗೆಯನ್ನು ತೋರಿಸಲಾರದು. ದಾಖಲಾದ ಅಂಕಿಗಳು ಕನ್ನಡದಲ್ಲಿ ಗ್ರಾಮ ಪಂಚಾಯಿತಿಯ ಫಲಕಕ್ಕೂ ತಲುಪಬೇಕು. ಅದನ್ನು ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ಭೂಕಂಪದ ಅಧ್ಯಯನಕ್ಕೆ ಇಷ್ಟೊಂದು ಸರ್ಕಾರಿ ಸಂಸ್ಥೆಗಳು ಏಕೆ ಬೇಕು?
– ಪದವಿ ವಿದ್ಯಾರ್ಥಿನಿ, ಮಡಿಕೇರಿ

ಉತ್ತರ: ಇವೆಲ್ಲ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಉದ್ದೇಶಕ್ಕೆ ಹುಟ್ಟಿದವು. 1897ರ ಶಿಲ್ಲಾಂಗ್ ಮಹಾಕಂಪದ ಮರುವರ್ಷ ಕಲ್ಕತ್ತೆಯ ಅಲಿಪುರದಲ್ಲಿ ದೇಶದ ಮೊದಲ ಭೂಕಂಪ ವೀಕ್ಷಣಾಲಯ ಆರಂಭವಾಯಿತು. ನಮ್ಮ ಗೌರಿಬಿದನೂರಿನಲ್ಲಿ 1965ರಲ್ಲಿ ಬ್ರಿಟನ್ನಿನ ಸಹಯೋಗದಿಂದ ಸ್ಥಾಪನೆಯಾದ ಮಾಪಕಗಳ ಸಾಲು ದೂರದೇಶಗಳ ಭೂಗತ ಅಣುಸ್ಫೋಟಗಳನ್ನು ಪತ್ತೆಹಚ್ಚಲು ಹುಟ್ಟಿದ್ದು. ಅದನ್ನು ನಡೆಸುವುದು ಭಾಭಾ ಅಣು ಸಂಶೋಧನಾ ಕೇಂದ್ರ. ದೇಶದಲ್ಲಿ ನಡೆಯುವ ಭೂಕಂಪಗಳನ್ನು ಹಗಲಿರುಳೂ ದಾಖಲಿಸಿ ಪ್ರಕಟಿಸುವ ಹೊಣೆ 2014ರಲ್ಲಿ ಭೂವಿಜ್ಞಾನ ಸಚಿವಾಲಯದ ಅಡಿಯಲ್ಲಿ ರೂಪುಗೊಂಡ ರಾಷ್ಟ್ರೀಯ ಭೂಕಂಪಶಾಸ್ತ್ರ ಕೇಂದ್ರದ್ದು. ನಮ್ಮ ರಾಜ್ಯದ ಉಸ್ತುವಾರಿ ಕೇಂದ್ರ 1988ರಲ್ಲಿ ಬರಗಾಲದ ಮೇಲೆ ನಿಗಾ ಇಡುವ ಘಟಕವಾಗಿ ಆರಂಭವಾಗಿ, ಮುಂದೆ ಇತರ ವಿಕೋಪಗಳಿಗೂ ಕೆಲಸ ವಿಸ್ತರಿಸಿಕೊಂಡಿತು. 2022ರ ಜೂನ್‌ನಲ್ಲಿ ನಿಮ್ಮ ಜಿಲ್ಲೆಯ ಚೆಂಬು ಮತ್ತು ಪಕ್ಕದ ಸುಳ್ಯ ತಾಲ್ಲೂಕಿನಲ್ಲಿ ನೆಲ ನಡುಗಿದಾಗ ಜನರಿಗೆ ವಿವರ ಸಿಕ್ಕಿದ್ದು ಮುಖ್ಯವಾಗಿ ಈ ಕೇಂದ್ರದಿಂದಲೇ.

ಪ್ರಶ್ನೆ: ಅಣೆಕಟ್ಟಿನ ನೀರಿನಿಂದ ಭೂಕಂಪವಾಗುತ್ತದೆ ಎಂಬುದು ನಿಜವೇ?
– ಕೃಷಿಕರು, ಬಸವನ ಬಾಗೇವಾಡಿ

ಉತ್ತರ: ಕೆಲವು ಕಡೆ ನಿಜ. ಮಹಾರಾಷ್ಟ್ರದ ಕೊಯ್ನಾ ಇದಕ್ಕೆ ಜಗತ್ತಿನಲ್ಲೇ ಹೆಸರಾದ ನಿದರ್ಶನ. ಜಲಾಶಯ ತುಂಬತೊಡಗಿದ ಮೇಲೆ ಅಲ್ಲಿ ಕಂಪನಗಳು ಹೆಚ್ಚಿದವು. 1967ರ ಡಿಸೆಂಬರ್ 11ರಂದು 6.3 ಪ್ರಮಾಣದ ಭೂಕಂಪವಾಗಿ ಸುಮಾರು 200 ಜನ ಮೃತಪಟ್ಟರು. ಅಲ್ಲಿನ ಕಂಪನಗಳು ದಶಕಗಳಿಂದ ಒಂದು ಸಣ್ಣ ಪ್ರದೇಶಕ್ಕೇ ಸೀಮಿತವಾಗಿರುವುದರಿಂದ ಭೂವಿಜ್ಞಾನ ಸಚಿವಾಲಯವು ಕರಾಡದಲ್ಲಿ ಪ್ರಯೋಗಾಲಯ ತೆರೆದು, ಸುಮಾರು 3 ಕಿ.ಮೀ. ಆಳದ ಪ್ರಾಯೋಗಿಕ ಕೊಳವೆಬಾವಿಯನ್ನು 2017ರಲ್ಲಿ ಕೊರೆಸಿತು. ಕಂಪನ ಹುಟ್ಟುವ ಶಿಲೆಯ ಉಷ್ಣತೆ, ಒತ್ತಡ, ಬಿರುಕುಗಳನ್ನು ನೇರವಾಗಿ ಪರೀಕ್ಷಿಸುವ ಇಂಥ ಪ್ರಯತ್ನ ಅಪರೂಪದ್ದು, ಮೆಚ್ಚತಕ್ಕದ್ದು. ಆದರೆ ಜಲಾಶಯ ತಾನೇ ಭೂಕಂಪವನ್ನು ಸೃಷ್ಟಿಸುವುದಿಲ್ಲ. ಶಿಲೆ ಮೊದಲೇ ಒತ್ತಡದಲ್ಲಿದ್ದರೆ ಅದು ಜಾರುವ ಗಳಿಗೆಯನ್ನು ಹತ್ತಿರ ತರುತ್ತದೆ. ಎಲ್ಲ ಅಣೆಕಟ್ಟುಗಳಲ್ಲೂ ಹೀಗಾಗದಿರುವುದು ಇದೇ ಕಾರಣಕ್ಕೆ. ರಾಜ್ಯದ ಪ್ರಮುಖ ಜಲಾಶಯಗಳ ಬಳಿ ಕಾಯಂ ಮಾಪನ ಕೇಂದ್ರಗಳನ್ನು ಇರಿಸಿರುವುದರ ಹಿಂದೆಯೂ ಈ ಅರಿವಿದೆ.

ಪ್ರಶ್ನೆ: ಚಂಡಮಾರುತದಂತೆ ಭೂಕಂಪಕ್ಕೂ ಮುನ್ಸೂಚನೆ ಏಕೆ ಕೊಡುವುದಿಲ್ಲ?
– ನಿವೃತ್ತ ಶಿಕ್ಷಕರು, ಬೆಂಗಳೂರು

ಉತ್ತರ: ದಿನ, ಸ್ಥಳ, ಪ್ರಮಾಣಗಳನ್ನು ಮೊದಲೇ ಹೇಳುವ ವಿಧಾನ ಜಗತ್ತಿನ ಯಾವ ದೇಶದಲ್ಲೂ ಇಲ್ಲ, ವಾಟ್ಸ್‌ಆ್ಯಪ್‌ನಲ್ಲಿ ಬರುವ ಅಂಥ ಸಂದೇಶಗಳನ್ನು ದಯವಿಟ್ಟು ನಂಬಬೇಡಿ, ಹಂಚಬೇಡಿ. ಭೂಕಂಪ ಆರಂಭವಾದ ಮೇಲೆ ಹತ್ತಿರದ ಮಾಪಕಗಳು ಮೊದಲ ಅಲೆಯನ್ನು ಗುರುತಿಸಿ ದೂರದ ಊರುಗಳಿಗೆ ಕೆಲವು ಸೆಕೆಂಡು ಮೊದಲು ಎಚ್ಚರಿಕೆ ಕಳಿಸುವುದು ಮಾತ್ರ ಸಾಧ್ಯವಾಗಿದೆ. ಉತ್ತರಾಖಂಡದಲ್ಲಿ ರೂರ್ಕಿಯ ಐಐಟಿ ರೂಪಿಸಿದ ಇಂಥ ವ್ಯವಸ್ಥೆಯ ಮೊಬೈಲ್ ಆ್ಯಪ್ 2021ರಲ್ಲಿ ಬಳಕೆಗೆ ಬಂತು. ಊರಿನ ಕೆಳಗೇ ಹುಟ್ಟುವ ನಮ್ಮ ಭಾಗದ ಕಂಪನಗಳಲ್ಲಿ ಎರಡು ಅಲೆಗಳ ನಡುವೆ ಒಂದೆರಡು ಸೆಕೆಂಡೂ ಸಿಗುವುದು ಕಷ್ಟವಾದ್ದರಿಂದ, ಇಲ್ಲಿ ಕಟ್ಟಡದ ಬಲವೇ ಜೀವ ಉಳಿಸಬೇಕು. ಬೆಂಗಳೂರಿನಲ್ಲಿ ಮುಚ್ಚಿದ ಕೆರೆಗಳ ಮೆದು ಮಣ್ಣಿನ ಮೇಲೆ ಅಲೆಗಳು ಹಿಗ್ಗಬಹುದಾದ್ದರಿಂದ, ಅಂಥ ಜಾಗದಲ್ಲಿ ಮನೆ ಕಟ್ಟುವವರು ಮಣ್ಣಿನ ಪರೀಕ್ಷೆಯನ್ನು ಬಿಡಬಾರದು, ಭೂಕಂಪ ನಿರೋಧಕ ವಿನ್ಯಾಸದ ಬಗ್ಗೆ ಎಂಜಿನಿಯರನ್ನು ಕೇಳದೆ ಅಡಿಪಾಯ ಹಾಕಬಾರದು.