ಗೊತ್ತಿರುವ ಪ್ರೊಟೀನಿನ ಜೀನ್ ಹುಡುಕಿದರೆ ಪೇಟೆಂಟ್ ಕೊಡಬೇಕೇ?

ಪ್ರಶ್ನೆ: ಮನುಷ್ಯನ ಜೀನ್ ಒಂದನ್ನು ಬೇರ್ಪಡಿಸಿ ಅದರ ಡಿಎನ್‌ಎ ಅಕ್ಷರಗಳ ಸರಣಿ ಓದಿದವರಿಗೆ ಅಮೆರಿಕದಲ್ಲಿ ‘ಇದು ಪರಿಣತರಿಗೆ ಸಹಜವಾಗಿ ಹೊಳೆಯುವಂಥದ್ದು’ ಎಂದು ಪೇಟೆಂಟ್ ನಿರಾಕರಿಸಿದರಂತೆ. ಯಾರೂ ನೋಡದ ಸರಣಿ ಮೊದಲೇ ಹೇಗೆ ಹೊಳೆಯುತ್ತದೆ?

ಉತ್ತರ: ನಿಮ್ಮ ಅನುಮಾನ ನ್ಯಾಯವಾದದ್ದೇ. ಅಲ್ಲಿನ ಕೋರ್ಟ್ ಕೂಡ ಬಹಳ ಕಾಲ ಹೀಗೇ ಯೋಚಿಸಿತ್ತು. ಡಿಎನ್‌ಎಯ ಮೂರು ಮೂರು ಅಕ್ಷರ ಸೇರಿ ಪ್ರೊಟೀನಿನ ಒಂದೊಂದು ಅಮೈನೋ ಆಮ್ಲವನ್ನು ಸೂಚಿಸುತ್ತವೆ, ಆದರೆ ಒಂದೇ ಆಮ್ಲಕ್ಕೆ ಹಲವು ಸಂಕೇತ ಇರಬಹುದು. ಲ್ಯೂಸಿನ್‌ಗೆ 6 ಇವೆ. ಹಾಗಾಗಿ ಪ್ರೊಟೀನ್ ಪೂರ್ತಿ ಗೊತ್ತಿದ್ದರೂ, ಅದನ್ನು ಹಿಡಿದು ಹಿಂದಕ್ಕೆ ಲೆಕ್ಕ ಹಾಕಿ ದೇಹದಲ್ಲಿರುವ ಸರಣಿ ಇದೇ ಎಂದು ಹೇಳಲು ಆಗುವುದಿಲ್ಲ. 1993ರ ಬೆಲ್, 1995ರ ಡ್ಯುಯೆಲ್ ಪ್ರಕರಣಗಳಲ್ಲಿ ಪೇಟೆಂಟ್ ಕೇಳಿದವರು ಗೆದ್ದರು. ಹುಡುಕುವ ವಿಧಾನ ಎಲ್ಲರಿಗೂ ಗೊತ್ತಿದ್ದರೇನು, ಸಿಕ್ಕ ಅಣು ಗೊತ್ತಿರಲಿಲ್ಲವಲ್ಲ ಎಂಬುದು ಡ್ಯುಯೆಲ್ ತೀರ್ಪಿನ ಧಾಟಿ.

ನನಗೆ ಈ ವಾದ ಒಪ್ಪಿಗೆಯಿಲ್ಲ. ಬೀಗವೂ ಕಣ್ಣೆದುರಿಗಿದೆ, ಕೀಲಿಯೂ ಕೈಯಲ್ಲಿದೆ, ಒಳಗೆ ಏನಿದೆ ಅಂತ ಗೊತ್ತಿಲ್ಲ ಅಷ್ಟೇ. ತೆರೆದು ನೋಡಿದವರು ಶ್ರಮಪಟ್ಟಿರಬಹುದು, ಆದರೆ ಹೊಸದಾಗಿ ಏನನ್ನೂ ಕಂಡುಹಿಡಿದ ಹಾಗಾಗಲಿಲ್ಲ, ಅಲ್ವಾ?

2007ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೆಎಸ್‌ಆರ್ ಪ್ರಕರಣದಲ್ಲಿ (ಅದು ವಾಹನದ ಪೆಡಲ್ ಕುರಿತ ಜಗಳ, ಜೀನಿಗೂ ಅದಕ್ಕೂ ಸಂಬಂಧವೇ ಇಲ್ಲ) ಒಂದು ಮಾತು ಹೇಳಿತು: ಮುಂದಿರುವ ದಾರಿಗಳು ಕೆಲವೇ ಆಗಿದ್ದು, ಫಲವನ್ನೂ ಊಹಿಸಬಹುದಾದರೆ, ‘ಪ್ರಯತ್ನಿಸಿ ನೋಡೋಣ’ ಎಂದು ಯಾರಿಗಾದರೂ ಅನಿಸುವುದೇ ಪೇಟೆಂಟ್ ತಡೆಯಲು ಸಾಕಾಗಬಹುದು. ನೀವು ಓದಿದ್ದು ಬಹುಶಃ ಇದರ ನಂತರ, 2009ರಲ್ಲಿ ಬಂದ ಕ್ಯೂಬಿನ್ ತೀರ್ಪು. ಅಲ್ಲಿ ರೋಗನಿರೋಧಕ ಕೋಶಗಳ ಮೇಲಿರುವ ಪ್ರೊಟೀನ್ ಮೊದಲೇ ಗೊತ್ತಿತ್ತು. ಅದಕ್ಕೆ ಅಂಟಿಕೊಳ್ಳುವ ಪ್ರತಿಕಾಯವೂ ಇತ್ತು, ಜೀನ್ ಬೇರ್ಪಡಿಸುವ ಕ್ರಮವಂತೂ ಪ್ರಯೋಗಾಲಯದ ಕೈಪಿಡಿಯಲ್ಲೇ ಇತ್ತು. ಇಷ್ಟೆಲ್ಲ ಇದ್ದಾಗ ಯಶಸ್ಸನ್ನು ನಿರೀಕ್ಷಿಸಬಹುದಿತ್ತು ಎಂದು ಮೇಲ್ಮನವಿ ಕೋರ್ಟ್ ಪೇಟೆಂಟ್ ನಿರಾಕರಿಸಿತು. ಸರಣಿಯನ್ನು ಅಕ್ಷರ ಅಕ್ಷರ ಊಹಿಸಬೇಕಿಲ್ಲ, ಅದನ್ನು ತಲುಪುವ ದಾರಿ ಸ್ಪಷ್ಟವಿದ್ದರೆ ಸಾಕು.

ಹಾಗಂತ ಎಲ್ಲ ಜೀನ್‌ಗಳಿಗೂ ಇದನ್ನೇ ಸುಮ್ನೆ ಅಂಟಿಸಬಾರದು. ಪ್ರೊಟೀನೇ ಗೊತ್ತಿರದಿದ್ದರೆ, ಎಲ್ಲಿ ಹುಡುಕಬೇಕು ಎಂಬ ಸುಳಿವೇ ಇರದಿದ್ದರೆ ಲೆಕ್ಕ ಬೇರೆ.

ಇನ್ನೊಂದು ವಿಷಯ. ದೇಹದಲ್ಲಿ ಇರುವ ಹಾಗೇ ಇರುವ ಡಿಎನ್‌ಎಯನ್ನು ಬೇರ್ಪಡಿಸಿದ ಮಾತ್ರಕ್ಕೆ ಪೇಟೆಂಟ್ ಇಲ್ಲ ಎಂದು 2013ರ ಮಿರಿಯಡ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೀಗಾಗಿ ನಿಮ್ಮ ಪ್ರಶ್ನೆ ಈಗ ಜಾಸ್ತಿ ಏಳುವುದು ಪ್ರಯೋಗಾಲಯದಲ್ಲಿ ತಯಾರಿಸುವ ಸಿಡಿಎನ್‌ಎ (ಆರ್‌ಎನ್‌ಎಯಿಂದ ನಕಲು ಮಾಡಿದ, ದೇಹದಲ್ಲಿ ಇರುವ ಹಾಗೇ ಇರದ ಡಿಎನ್‌ಎ) ವಿಚಾರದಲ್ಲಿ.